ಚೀಟಿ ಎತ್ತಿದ್ದು ಮನೆ ಭೇಟಿಗೆ, ಮಾತ್ರೆಗಲ್ಲ

ಪ್ರಶ್ನೆ: ನಾನು ಹಾಸನದಲ್ಲಿ ಕಮ್ಯುನಿಟಿ ಮೆಡಿಸಿನ್ ಓದುತ್ತಿದ್ದೇನೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಎಸ್ಟೇಟುಗಳ ಲೈನ್ ಮನೆಗಳಲ್ಲಿ (ಕೂಲಿಕಾರರ ಸಾಲುಮನೆಗಳಲ್ಲಿ) ಇರುವ ಗರ್ಭಿಣಿಯರ ಮೇಲೆ ಒಂದು ಅಧ್ಯಯನ ಮಾಡಿದೆ. ಎಸ್ಟೇಟುಗಳ ಹೆಸರು ಬರೆದು ಚೀಟಿ ಎತ್ತಿದೆವು. ಅರ್ಧ ಎಸ್ಟೇಟುಗಳಲ್ಲಿ ಆಶಾ ಕಾರ್ಯಕರ್ತೆ ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ ಐರನ್ ಮಾತ್ರೆ ಬಗ್ಗೆ ಮಾತಾಡಿದರು. ಉಳಿದ ಕಡೆ ಎಂದಿನ ವ್ಯವಸ್ಥೆ. ಒಂಬತ್ತನೇ ತಿಂಗಳಲ್ಲಿ ನೋಡಿದಾಗ ಭೇಟಿ ಇದ್ದ ಕಡೆ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಜಾಸ್ತಿ ಇತ್ತು, ನುಂಗಿದ ಮಾತ್ರೆಯೂ ಜಾಸ್ತಿ ಇತ್ತು. ಮೀಡಿಯೇಶನ್ ಅನಾಲಿಸಿಸ್ (ಪರಿಣಾಮ ಯಾವ ದಾರಿಯಿಂದ ಎಷ್ಟು ಬಂತು ಅನ್ನುವ ಲೆಕ್ಕ) ಮಾಡಿ, ಲಾಭದ ಮೂರರಲ್ಲಿ ಎರಡು ಪಾಲು ಮಾತ್ರೆಯ ಮೂಲಕ ಬಂದಿದೆ ಅಂತ ಬರೆದೆ. ಈಗ ಲೇಖನ ಪರಿಶೀಲಿಸುವ ರಿವ್ಯೂವರ್, ಅಳೆಯದೇ ಬಿಟ್ಟ ಕನ್ಫೌಂಡರ್ (ಕಾರಣ, ಫಲಿತಾಂಶ ಎರಡನ್ನೂ ಎಳೆಯುವ ಮೂರನೇ ಅಂಶ) ಬಗ್ಗೆ ಏನು ಮಾಡಿದ್ದೀರಿ ಅಂತ ಕೇಳಿದ್ದಾರೆ. ಚೀಟಿ ಎತ್ತಿದ ಮೇಲೆ ಕನ್ಫೌಂಡಿಂಗ್ ಎಲ್ಲಿಂದ ಬರುತ್ತದೆ? ಗೈಡ್ ಸೋಬೆಲ್ ಟೆಸ್ಟ್ ಹಾಕಿ ಮುಗಿಸು ಅಂತಾರೆ. ಸ್ನೇಹಿತೆ ಇ-ವ್ಯಾಲ್ಯೂ ಹಾಕು ಅಂತಾಳೆ. ಎರಡು ವರ್ಷದ ಕೆಲಸ ವ್ಯರ್ಥವಾಯಿತಾ?
ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತಗೊಳ್ಳುತ್ತೇನೆ. ವ್ಯರ್ಥ ಆಗಿಲ್ಲ. ನಿಮ್ಮ ಅಧ್ಯಯನದಲ್ಲಿ ಎರಡು ಮಾತು ಗಟ್ಟಿಯಾಗಿ ನಿಂತಿವೆ. ಮನೆ ಭೇಟಿಯಿಂದ ಎಚ್‌ಬಿ ಏರಿತು. ಮನೆ ಭೇಟಿಯಿಂದ ಮಾತ್ರೆ ನುಂಗುವುದು ಜಾಸ್ತಿಯಾಯಿತು. ಈ ಎರಡಕ್ಕೂ ಚೀಟಿಯ ಬಲ ಇದೆ. ರಿವ್ಯೂವರ್ ಬೆರಳಿಟ್ಟಿರುವುದು ಮೂರನೇ ಮಾತಿನ ಮೇಲೆ: ಆ ಮಾತ್ರೆಯಿಂದಲೇ ಎಚ್‌ಬಿ ಏರಿತು, ಅದೂ ಇಷ್ಟು ಪಾಲು ಅನ್ನುವುದು. ಚೀಟಿ ಅಲ್ಲಿಯವರೆಗೆ ಬರುವುದಿಲ್ಲ. ನೀವು ಚೀಟಿ ಎತ್ತಿದ್ದು ಮನೆ ಭೇಟಿಗೆ. ಯಾವ ಹೆಂಗಸು ಎಷ್ಟು ಮಾತ್ರೆ ನುಂಗಬೇಕು ಅಂತ ಯಾರೂ ಚೀಟಿ ಎತ್ತಲಿಲ್ಲ. ಅದನ್ನು ಅವರವರ ಹೊಟ್ಟೆ, ಅವರವರ ಮನೆ, ಅವರವರ ಅತ್ತೆ, ಗಂಡ ಎಲ್ಲ ಸೇರಿ ತೀರ್ಮಾನ ಮಾಡಿದರು.

ಕೆಲವು ವರ್ಷದ ಹಿಂದೆ ಮೂಡಿಗೆರೆ ಹತ್ತಿರದ ಒಂದು ಲೈನಿಗೆ ಮಾತ್ರೆ ಎಣಿಸಲು ಹೋಗಿದ್ದೆ. ಜುಲೈ ತಿಂಗಳು, ಬಿಡದ ಮಳೆ. ಒಂದೇ ಸೂರಿನ ಕೆಳಗೆ ಅಕ್ಕಪಕ್ಕದ ಎರಡು ಮನೆ, ಇಬ್ಬರೂ ಏಳು ತಿಂಗಳ ಬಸುರಿಯರು. ಮೊದಲನೆಯವಳು ಖಾಲಿ ಸ್ಟ್ರಿಪ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಸಾಸಿವೆ ಡಬ್ಬದ ಪಕ್ಕ ಜೋಡಿಸಿಟ್ಟಿದ್ದಳು. ಒಂದೂ ಮಾತ್ರೆ ತಪ್ಪಿರಲಿಲ್ಲ. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು. ಹಿತ್ತಲಲ್ಲಿ ನಾಲ್ಕು ಕೋಳಿ. ರಾತ್ರಿ ಊಟ ಆದ ಮೇಲೆ ಅತ್ತೆಯೇ ಮಾತ್ರೆ ಬಿಡಿಸಿ ಕೈಗೆ ಕೊಡುತ್ತಾರಂತೆ. ಪಕ್ಕದ ಮನೆಯವಳ ಸ್ಟ್ರಿಪ್‌ಗಳು ಹಾಗೇ ಇದ್ದವು. ಮೂರನೇ ತಿಂಗಳಿಂದ ಶುರುವಾದ ವಾಂತಿ ನಿಂತೇ ಇಲ್ಲ ಅಂದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಹೋಗಿದ್ದು ಎರಡು ಲೋಟ ಕಪ್ಪು ಕಾಫಿ, ಅರ್ಧ ಅಕ್ಕಿ ರೊಟ್ಟಿ. ಮೊದಲನೆಯವಳ ಎಚ್‌ಬಿ ಚೆನ್ನಾಗಿತ್ತು, ಎರಡನೆಯವಳದು ಇಳಿದಿತ್ತು. ನನ್ನ ಹಾಳೆಯಲ್ಲಿ ಇದ್ದದ್ದು ಎರಡೇ ಕಾಲಂ, ಮಾತ್ರೆ ಮತ್ತು ಎಚ್‌ಬಿ. ಆ ಹಾಳೆ ಮಾತ್ರ ನೋಡಿದವರು ಇಬ್ಬರ ನಡುವಿನ ವ್ಯತ್ಯಾಸವನ್ನು ಪೂರ್ತಿ ಮಾತ್ರೆಯ ಲೆಕ್ಕಕ್ಕೆ ಬರೆಯುತ್ತಾರೆ. ಆ ಅಡುಗೆಮನೆಗಳನ್ನು ನೋಡಿದ ನನಗೆ ಹಾಗೆ ಬರೆಯಲು ಆಗಲಿಲ್ಲ.

ನಿಮ್ಮ ರಿವ್ಯೂವರ್ ಕೇಳುತ್ತಿರುವುದು ಆ ಅಡುಗೆಮನೆಯ ಬಗ್ಗೆ. ಮಾತ್ರೆ ನುಂಗುವುದನ್ನೂ ಎಚ್‌ಬಿಯನ್ನೂ ಎರಡನ್ನೂ ಎಳೆಯುವ, ನಿಮ್ಮ ಡೇಟಾದಲ್ಲಿ ಇಲ್ಲದ ಕಾರಣ ಯಾವುದು? ಎರಡನ್ನೂ ಅನ್ನುವ ಮಾತಿಗೆ ಒತ್ತು ಕೊಡಿ. ಎಚ್‌ಬಿ ಇಳಿಸುವುದೆಲ್ಲ ಕನ್ಫೌಂಡರ್ ಅಲ್ಲ. ಕೊಕ್ಕೆಹುಳು ರಕ್ತ ಹೀರುತ್ತದೆ, ಎಚ್‌ಬಿ ಇಳಿಸುತ್ತದೆ, ನಿಜ. ಆದರೆ ಹೊಟ್ಟೆಯಲ್ಲಿ ಹುಳು ಇರುವುದರಿಂದ ಒಬ್ಬಳು ಮಾತ್ರೆ ಜಾಸ್ತಿ ಅಥವಾ ಕಡಿಮೆ ನುಂಗುವುದಿಲ್ಲ ಅನ್ನುವುದಾದರೆ, ಹುಳು ನಿಮ್ಮ ಲೆಕ್ಕಕ್ಕೆ ತೊಂದರೆ ಕೊಡುವುದಿಲ್ಲ. ಎಚ್‌ಬಿ ಇಳಿಸುವ ಹುಟ್ಟುಗುಣವಾದ ತಲಸ್ಸೀಮಿಯಾ ಟ್ರೈಟ್ ಕೂಡ ಹಾಗೇ. ವಾಂತಿ ಹಾಗಲ್ಲ. ಅದು ಮಾತ್ರೆಯನ್ನೂ ತಡೆಯುತ್ತದೆ, ಊಟವನ್ನೂ ತಡೆಯುತ್ತದೆ. ಮನೆಯ ಊಟ, ಅತ್ತೆಯ ಕಾಳಜಿ, ಎಷ್ಟನೇ ತಿಂಗಳಲ್ಲಿ ಹೆಸರು ನೋಂದಾಯಿಸಿದರು ಅನ್ನುವುದು, ಇವೆಲ್ಲ ಎರಡೂ ಕಡೆ ಕೈ ಹಾಕುತ್ತವೆ. ಬೇಗ ನೋಂದಾಯಿಸಿದವಳ ಕೈಗೆ ಮಾತ್ರೆಯೂ ಜಾಸ್ತಿ ಬಂದಿರುತ್ತದೆ, ಉಳಿದ ಆರೈಕೆಯೂ ಬೇಗ ಸಿಕ್ಕಿರುತ್ತದೆ ಅಲ್ವಾ?

ಇವೆಲ್ಲ ಮಾತ್ರೆಯ ಗುಣವನ್ನು ದೊಡ್ಡದು ಮಾಡಿ ತೋರಿಸುವ ಕಾರಣಗಳು. ಉಲ್ಟಾ ಎಳೆಯುವುದೂ ಒಂದಿದೆ, ಅದನ್ನು ತುಂಬಾ ಜನ ಮರೆಯುತ್ತಾರೆ. ಮೊದಲ ತಪಾಸಣೆಯಲ್ಲೇ ಎಚ್‌ಬಿ 8 ಇದ್ದವಳಿಗೆ ಡಾಕ್ಟರು ಗದರಿ ಹೇಳಿರುತ್ತಾರೆ. ಅವಳು ಹೆದರಿ ಮಾತ್ರೆ ತಪ್ಪಿಸುವುದಿಲ್ಲ. ಎಚ್‌ಬಿ 11 ದಾಟಿದ್ದವಳು, ನನಗೇನಾಗಿದೆ ಅಂತ ಸುಮ್ನೆ ಇರುತ್ತಾಳೆ. ಕೊನೆಯಲ್ಲಿ ನೋಡಿದರೆ ಮಾತ್ರೆ ಜಾಸ್ತಿ ನುಂಗಿದವರಲ್ಲೇ ಎಚ್‌ಬಿ ಕಡಿಮೆ ಕಾಣಬಹುದು. ಇಲ್ಲಿ ಮಾತ್ರೆಯ ಗುಣ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಅಳೆಯದ ಕಾರಣ ಇದೆ ಅಂದ ಕೂಡಲೇ ನಿಮ್ಮ ಅಂಕಿ ಕಡಿಮೆಯಾಗಲೇಬೇಕು ಅಂತ ಇಲ್ಲ. ಯಾವ ಕಡೆಗೆ ಎಳೆಯುತ್ತದೆ ಅಂತ ಒಂದೊಂದಾಗಿ ಕೂತು ಯೋಚಿಸಬೇಕು. ಈ ಯೋಚನೆಯನ್ನು ಯಾವ ಸಾಫ್ಟ್‌ವೇರೂ ಮಾಡಿಕೊಡುವುದಿಲ್ಲ.

ಈಗ ಸ್ವಲ್ಪ ಕಷ್ಟದ ಜಾಗಕ್ಕೆ ಬರೋಣ. ನಿಧಾನಕ್ಕೆ ಓದಿ. 150 ಮಾತ್ರೆ ನುಂಗಿದ ಇಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಒಬ್ಬಳ ಮನೆಗೆ ಆಶಾ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಇನ್ನೊಬ್ಬಳ ಮನೆಗೆ ಯಾರೂ ಬರುತ್ತಿರಲಿಲ್ಲ. ಯಾರೂ ಬೆನ್ನು ಬೀಳದೆ 150 ಮಾತ್ರೆ ನುಂಗಿದವಳ ಮನೆಯಲ್ಲಿ ಬೇರೇನೋ ಇರಲೇಬೇಕು. ಒಳ್ಳೆ ಊಟ, ಎಚ್ಚರದ ಅತ್ತೆ, ವಾಂತಿ ಇಲ್ಲದ ಬಸುರಿತನ. ಭೇಟಿ ಇದ್ದವಳಿಗೆ ಅದೇನೂ ಬೇಕಾಗಿರಲಿಲ್ಲ, ಆಶಾ ಇದ್ದರು. ಅಂದರೆ, ಚೀಟಿ ಎತ್ತಿದ ದಿನ ಎರಡೂ ಗುಂಪು ಸಮ ಇದ್ದವು. ಆದರೆ ಮಾತ್ರೆ ಸಮ ಇರುವವರನ್ನು ಮಾತ್ರ ಆರಿಸಿ ಹೋಲಿಸಿದ ಕ್ಷಣದಲ್ಲೇ ಆ ಸಮ ತಪ್ಪಿತು. ಮೀಡಿಯೇಶನ್ ಅನಾಲಿಸಿಸ್‌ನಲ್ಲಿ ಎಚ್‌ಬಿಯ ಮಾದರಿಗೆ (ಮಾಡೆಲ್‌ಗೆ) ನೀವು ಭೇಟಿಯ ಜೊತೆ ಮಾತ್ರೆಯನ್ನೂ ಸೇರಿಸುತ್ತೀರಲ್ಲ, ಆಗ ಮಾಡುವುದು ಇದೇ ಹೋಲಿಕೆ. ಚೀಟಿ ಎತ್ತಿದ ಅಧ್ಯಯನದೊಳಗೆ ಕನ್ಫೌಂಡಿಂಗ್ ಬರುವುದು ಈ ಬಾಗಿಲಿಂದ.

ಒಂದು ಲೆಕ್ಕ ಮಾಡಿ ನೋಡೋಣ. ನೀವು ನಿಮ್ಮ ಅಂಕಿ ಬರೆದಿಲ್ಲ, ಹಾಗಾಗಿ ಸುಲಭದ ಅಂಕಿ ನಾನೇ ಊಹಿಸಿಕೊಳ್ಳುತ್ತೇನೆ. ಭೇಟಿಯಿಂದ ಎಚ್‌ಬಿ ಒಟ್ಟು 0.6 ಗ್ರಾಂ ಏರಿದೆ ಅನ್ನಿ. ಭೇಟಿಯಿಂದ ಮಾತ್ರೆ ಸರಾಸರಿ 40 ಜಾಸ್ತಿ. ಪ್ರತಿ 10 ಮಾತ್ರೆಗೆ ಎಚ್‌ಬಿ 0.1 ಗ್ರಾಂ ಜಾಸ್ತಿ ಕಾಣುತ್ತಿದೆ. ಹಾಗಾದರೆ ಮಾತ್ರೆಯ ಮೂಲಕ ಬಂದದ್ದು 0.4, ಉಳಿದ ದಾರಿಗಳಿಂದ 0.2. ನೀವು ಬರೆದ ಮೂರರಲ್ಲಿ ಎರಡು ಪಾಲು ಸರಿಯಾಗಿ ಬಂತು. ಈಗ ಅಳೆಯದ ಒಂದು ಕಾರಣ ತನ್ನಿ, ಮನೆಯಲ್ಲಿ ಒಳ್ಳೆ ಊಟ. ಮಾತ್ರೆ, ಭೇಟಿ ಎಲ್ಲ ಸಮ ಇದ್ದರೂ ಒಳ್ಳೆ ಊಟ ಇದ್ದವರ ಎಚ್‌ಬಿ 0.5 ಗ್ರಾಂ ಜಾಸ್ತಿ ಅನ್ನೋಣ. ಒಂದೇ ಗುಂಪಿನೊಳಗೆ, 40 ಮಾತ್ರೆ ಜಾಸ್ತಿ ನುಂಗಿದವರಲ್ಲಿ ಒಳ್ಳೆ ಊಟದವರು ನೂರಕ್ಕೆ 20 ಜನ ಜಾಸ್ತಿ ಅನ್ನೋಣ. ಹಾಗಾದರೆ 0.5ರಲ್ಲಿ ನೂರಕ್ಕೆ 20, ಅಂದರೆ 0.1 ಗ್ರಾಂ, ಊಟದ ಪಾಲು. ಅದು ಮಾತ್ರೆಯ ಹೆಸರಿನಲ್ಲಿ ಜಮೆಯಾಗಿದೆ. ನಿಜವಾಗಿ ಮಾತ್ರೆಯ ಮೂಲಕ ಬಂದದ್ದು 0.3, ಉಳಿದ ದಾರಿಗಳಿಂದ 0.3. ಮೂರರಲ್ಲಿ ಎರಡು ಅಂದದ್ದು ಅರ್ಧಕ್ಕೆ ಬಂತು. ಒಟ್ಟು 0.6 ಮಾತ್ರ ಅಲ್ಲಾಡಲಿಲ್ಲ. ಅದನ್ನು ಚೀಟಿ ಕಾಯುತ್ತಿದೆ. ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಸೇರುತ್ತದೆ, ಅಷ್ಟೇ.

ಈಗ ಅದೇ ಲೆಕ್ಕವನ್ನು ಹಿಂದಿನಿಂದ ಮಾಡಿ. ಮಾತ್ರೆಯ ಪಾಲು ಪೂರ್ತಿ ಸೊನ್ನೆ ಆಗಬೇಕಾದರೆ ಆ ಅಡಗಿದ ಕಾರಣ ಎಷ್ಟು ಬಲವಾಗಿರಬೇಕು? ಗುಣಾಕಾರ 0.4 ಬರಬೇಕು. ಎಚ್‌ಬಿಯನ್ನು ಒಂದು ಗ್ರಾಂ ಬದಲಿಸುವ ಕಾರಣವಾದರೆ ನೂರಕ್ಕೆ 40 ಜನರ ವ್ಯತ್ಯಾಸ ಬೇಕು. ಅರ್ಧ ಗ್ರಾಂ ಬದಲಿಸುವ ಕಾರಣವಾದರೆ ನೂರಕ್ಕೆ 80. ಈಗ ಪ್ರಶ್ನೆ ನಿಮ್ಮ ಕೈಗೆ ಬಂತು. ಆ ಲೈನ್ ಮನೆಗಳಲ್ಲಿ ಓಡಾಡಿದವರು ನೀವು. ಅಷ್ಟು ಬಲದ ಕಾರಣ ಅಲ್ಲಿ ಇತ್ತಾ? ರಿವ್ಯೂವರ್‌ಗೆ ಬೇಕಾಗಿರುವ ಉತ್ತರ ಇದು. ಅಳೆಯದ ಕಾರಣ ಏನೂ ಇಲ್ಲ ಅಂತ ಪ್ರಮಾಣ ಮಾಡಿ ಹೇಳಿ ಅಂತ ಅವರು ಕೇಳುತ್ತಿಲ್ಲ. ಅದನ್ನು ಯಾರೂ ಹೇಳಲಾರರು.

ಹೀಗೆ ಕೇಳುವ ರೀತಿ ಹೊಸದಲ್ಲ. 1950ರ ದಶಕದ ಕೊನೆಯಲ್ಲಿ ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ದೊಡ್ಡ ವಾದ ನಡೆಯುತ್ತಿತ್ತು. ಸಂಖ್ಯಾಶಾಸ್ತ್ರದ ದೊಡ್ಡ ಹೆಸರು ರೊನಾಲ್ಡ್ ಫಿಶರ್, ಸೇದುವ ಚಟವನ್ನೂ ಕ್ಯಾನ್ಸರನ್ನೂ ಎರಡನ್ನೂ ತರುವ ಹುಟ್ಟುಗುಣ ಇರಬಹುದು ಅಂತ ವಾದಿಸಿದರು. 1959ರಲ್ಲಿ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಅವರ ಜೊತೆಗಾರರು ಒಂದು ಸರಳ ಲೆಕ್ಕ ಮುಂದಿಟ್ಟರು. ಸೇದುವವರಿಗೆ ಕ್ಯಾನ್ಸರ್ ಅಪಾಯ ಒಂಬತ್ತು ಪಟ್ಟು ಇದ್ದು, ಅದು ಪೂರ್ತಿ ಆ ಗುಣದಿಂದಲೇ ಬಂದದ್ದಾದರೆ, ಆ ಗುಣ ಸೇದದವರಿಗಿಂತ ಸೇದುವವರಲ್ಲಿ ಕಡೇ ಪಕ್ಷ ಒಂಬತ್ತು ಪಟ್ಟು ಜಾಸ್ತಿ ಕಾಣಬೇಕು. ಅಂಥದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವತ್ತು ನಾವು ಸೆನ್ಸಿಟಿವಿಟಿ ಅನಾಲಿಸಿಸ್ ಅಂತ ಕರೆಯುವುದರ ಬೇರು ಅಲ್ಲಿದೆ.

ಇನ್ನು ನಿಮಗೆ ಸಿಕ್ಕ ಸಲಹೆಗಳು. ಸೋಬೆಲ್ ಟೆಸ್ಟ್ 1982ರದ್ದು. ಮಾತ್ರೆಯ ಮೂಲಕ ಬಂದ ಅಂಕಿ ಸ್ಯಾಂಪಲ್‌ನ ಏರುಪೇರಿನಿಂದ ಬಂದಿರಬಹುದಾ ಅಂತ ಅದು ನೋಡುತ್ತದೆ. ಇದ್ದ ಡೇಟಾದಿಂದಲೇ ಮತ್ತೆ ಮತ್ತೆ ಸ್ಯಾಂಪಲ್ ಎತ್ತುವ ಬೂಟ್‌ಸ್ಟ್ರಾಪ್ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಎರಡಕ್ಕೂ ಕನ್ಫೌಂಡಿಂಗ್ ಗೊತ್ತೇ ಇಲ್ಲ. ತಪ್ಪು ತೂಕದ ಕಲ್ಲಿಟ್ಟು ಸಾವಿರ ಸಲ ತೂಗಿದರೆ ಅದೇ ತಪ್ಪು ತೂಕ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಗೈಡ್ ಮೇಲೆ ನನಗೆ ಬೇಸರ ಇಲ್ಲ. ಬೇರನ್ ಮತ್ತು ಕೆನಿ 1986ರಲ್ಲಿ ಬರೆದ ಲೇಖನದ ಮೆಟ್ಟಿಲುಗಳನ್ನು ಹತ್ತಿಯೇ ನಮ್ಮಲ್ಲಿ ಹೆಚ್ಚಿನವರು ಮೀಡಿಯೇಶನ್ ಕಲಿತದ್ದು. ಮೀಡಿಯೇಟರ್ (ನಡುವಿನ ಕೊಂಡಿ, ನಿಮ್ಮಲ್ಲಿ ಮಾತ್ರೆ) ಮತ್ತು ಫಲಿತಾಂಶದ ನಡುವೆ ಅಡಗಿದ ಕಾರಣ ಇದ್ದರೆ ಲೆಕ್ಕ ಕೆಡುತ್ತದೆ ಅಂತ ಜಡ್ ಮತ್ತು ಅದೇ ಕೆನಿ 1981ರಲ್ಲೇ ಎಚ್ಚರಿಸಿದ್ದರು. ಮೆಟ್ಟಿಲು ಎಲ್ಲರಿಗೂ ನೆನಪಿದೆ, ಎಚ್ಚರಿಕೆ ಮರೆತುಹೋಗಿದೆ. 1992ರಲ್ಲಿ ರಾಬಿನ್ಸ್ ಮತ್ತು ಗ್ರೀನ್‌ಲ್ಯಾಂಡ್, ಆಮೇಲೆ ಪರ್ಲ್, ವಾಂಡರ್‌ವೀಲ್, ಇಮಾಯ್ ಇವರೆಲ್ಲ ಅದನ್ನು ಮತ್ತೆ ನಡುಮನೆಗೆ ತಂದರು.

ಸ್ನೇಹಿತೆಯ ಇ-ವ್ಯಾಲ್ಯೂ, ಅಂದರೆ ಅಂಕಿಯನ್ನು ಅಳಿಸಲು ಅಡಗಿದ ಕಾರಣಕ್ಕೆ ಎಷ್ಟು ಬಲ ಬೇಕು ಅಂತ ಹೇಳುವ ಅಳತೆ, ಅರ್ಧ ಸರಿ. ವಾಂಡರ್‌ವೀಲ್ ಮತ್ತು ಡಿಂಗ್ 2017ರಲ್ಲಿ ಕೊಟ್ಟ ಇ-ವ್ಯಾಲ್ಯೂವನ್ನು ನೀವು ಒಟ್ಟು ಪರಿಣಾಮಕ್ಕೆ ಹಾಕಿದರೆ ಉಪಯೋಗ ಇಲ್ಲ. ಒಟ್ಟು ಪರಿಣಾಮವನ್ನು ಚೀಟಿ ಆಗಲೇ ಕಾದಿದೆ. 2019ರಲ್ಲಿ ಸ್ಮಿತ್ ಮತ್ತು ವಾಂಡರ್‌ವೀಲ್ ಮೀಡಿಯೇಶನ್‌ಗೇ ಅಂತ ಬೇರೆ ಇ-ವ್ಯಾಲ್ಯೂ ಕೊಟ್ಟಿದ್ದಾರೆ, ಅದನ್ನು ನೋಡಿ. ಫಲಿತಾಂಶವನ್ನು ರಕ್ತಹೀನತೆ ಇದೆ, ಇಲ್ಲ ಅಂತ ತಗೊಂಡು, ಮಾತ್ರೆಯ ಮೂಲಕದ ರಿಸ್ಕ್ ರೇಶಿಯೋ (ಅಪಾಯದ ಅನುಪಾತ) 0.8 ಬಂದಿದೆ ಅನ್ನಿ. ತಿರುಗಿಸಿದರೆ 1.25. ಅದಕ್ಕೆ 1.25ನ್ನು 0.25ರಿಂದ ಗುಣಿಸಿ ಬಂದದ್ದರ ವರ್ಗಮೂಲ ಕೂಡಿಸಿದರೆ ಸುಮಾರು 1.81. ಅಡಗಿದ ಕಾರಣ ಎರಡೂ ಕಡೆ ಸುಮಾರು 1.8 ಪಟ್ಟು ನಂಟು ಇಟ್ಟುಕೊಂಡಿದ್ದರೆ ನಿಮ್ಮ ಅಂಕಿಯನ್ನು ಅಳಿಸಿಬಿಡಬಹುದು ಅಂತ ಅರ್ಥ. ಇದು ದೊಡ್ಡದಾ, ಚಿಕ್ಕದಾ? ಅಂಕಿ ಒಂದೇ ನೋಡಿ ಹೇಳಲು ಆಗುವುದಿಲ್ಲ. ನೀವು ಅಳೆದ ಓದು, ವಯಸ್ಸು, ಹೆರಿಗೆಯ ಸಂಖ್ಯೆ ಇವುಗಳ ನಂಟು ಎಷ್ಟೆಷ್ಟು ಅಂತ ಪಕ್ಕದಲ್ಲಿಟ್ಟು ಹೋಲಿಸಿ. ಅಳೆದದ್ದರಲ್ಲಿ ಯಾವುದೂ 1.3 ದಾಟದಿದ್ದರೆ 1.8ರ ಗುಟ್ಟಿನ ಕಾರಣ ಸ್ವಲ್ಪ ಕಷ್ಟ. ಅಳೆದದ್ದೇ 2 ಇದ್ದರೆ ನಿಮ್ಮ ಅಂಕಿ ತೆಳುವಾಗಿದೆ. ಕಾನ್ಫಿಡೆನ್ಸ್ ಇಂಟರ್ವಲ್‌ನಲ್ಲಿ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿಯಲ್ಲಿ) 1ಕ್ಕೆ ಹತ್ತಿರದ ತುದಿಗೂ ಇದೇ ಲೆಕ್ಕ ಮಾಡಿ ಬರೆಯಬೇಕು. ಅದು ಎಷ್ಟೋ ಸಲ ತುಂಬಾ ಕಡಿಮೆ ಬರುತ್ತದೆ. ಬಂದರೂ ಮುಚ್ಚಿಡಬೇಡಿ.

ಇನ್ನೊಂದು ದಾರಿ ಇಮಾಯ್, ಕೀಲ್, ಯಮಾಮೊಟೊ 2010ರಲ್ಲಿ ತೋರಿಸಿದ್ದು. ಮಾತ್ರೆಯ ಮಾದರಿಯ ಉಳಿಕೆಗೂ (ಮಾದರಿ ವಿವರಿಸದೆ ಬಿಟ್ಟ ಭಾಗಕ್ಕೂ) ಎಚ್‌ಬಿ ಮಾದರಿಯ ಉಳಿಕೆಗೂ ಇರುವ ನಂಟನ್ನು ರೋ ಅಂತ ಕರೆದು, ಅದನ್ನು ಸೊನ್ನೆಯಿಂದ ಆಚೆ ಈಚೆ ಸರಿಸಿ, ಎಲ್ಲಿ ನಿಮ್ಮ ಅಂಕಿ ಸೊನ್ನೆಯಾಗುತ್ತದೆ ಅಂತ ನೋಡುವುದು. ಆರ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿನ ಮೀಡಿಯೇಶನ್ ಪ್ಯಾಕೇಜಿನಲ್ಲಿ ಮೆಡ್‌ಸೆನ್ಸ್ ಅನ್ನುವ ಫಂಕ್ಷನ್ ಇದನ್ನು ಮಾಡುತ್ತದೆ. ಎರಡು ಎಚ್ಚರ ಬೇಕು. ಒಂದು, ಸರಳ ಮಾದರಿಯಲ್ಲಿ ಆ ಸೊನ್ನೆಯ ರೋ ಅಂದರೆ ಒಂದೇ ಗುಂಪಿನೊಳಗೆ ಮಾತ್ರೆಗೂ ಎಚ್‌ಬಿಗೂ ಕಾಣುವ ನಂಟು ಅಷ್ಟೇ. 0.3 ಬಂತು ಅಂದರೆ ಏನೋ ಸಾಬೀತಾಯಿತು ಅಂತ ತಿಳಿಯಬೇಡಿ. ಎರಡು, ಅದು ಸಾದಾ ಲೀನಿಯರ್ ಮತ್ತು ಪ್ರೊಬಿಟ್ ಮಾದರಿಗೆ ಮಾತ್ರ. ನೀವು ಎಸ್ಟೇಟುಗಳನ್ನು ಚೀಟಿ ಎತ್ತಿದ್ದೀರಿ. ಒಂದು ಎಸ್ಟೇಟಿನ ಹೆಂಗಸರು ಒಂದೇ ಬಾವಿ ನೀರು, ಒಂದೇ ಅಂಗಡಿ, ಒಂದೇ ಆಶಾ ಹಂಚಿಕೊಂಡವರು. ಹಾಗಾಗಿ ಈ ಗುಂಪುಗಳನ್ನು ಲೆಕ್ಕಕ್ಕೆ ತರುವ ಮಲ್ಟಿಲೆವೆಲ್ ಮಾದರಿ ಹಾಕಿರುತ್ತೀರಿ, ಹಾಕಿಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿ. ಆಗ ಮೆಡ್‌ಸೆನ್ಸ್ ನಡೆಯುವುದಿಲ್ಲ. ನಾನು ಮೇಲೆ ಮಾಡಿದ ಗುಣಾಕಾರದ ಲೆಕ್ಕ ಸಾಕು. ಅದು ವಾಂಡರ್‌ವೀಲ್ 2010ರಲ್ಲಿ ಕೊಟ್ಟ ಸೂತ್ರದ ಸುಲಭ ರೂಪ. ಎಚ್‌ಬಿ ಮೇಲಿನ ಬಲ ಕಾಲು, ಅರ್ಧ, ಒಂದು ಗ್ರಾಂ ಅಂತ ಅಡ್ಡಕ್ಕೆ, ಜನರ ವ್ಯತ್ಯಾಸ ನೂರಕ್ಕೆ 10, 20, 40 ಅಂತ ಉದ್ದಕ್ಕೆ ಇಟ್ಟು ಒಂದು ಪುಟ್ಟ ಕೋಷ್ಟಕ ಮಾಡಿ. ಎಚ್‌ಬಿ ಅಂದರೆ ಏನು ಅಂತ ಗೊತ್ತಿರುವ ಯಾರಿಗಾದರೂ ಆ ಕೋಷ್ಟಕ ಅರ್ಥವಾಗುತ್ತದೆ. ರೋ ಅರ್ಥವಾಗುವುದಿಲ್ಲ. ನನ್ನ ಕೈಯಲ್ಲಾದರೆ ಆ ಕೋಷ್ಟಕವನ್ನೇ ಲೇಖನದೊಳಗೆ ಹಾಕುತ್ತೇನೆ, ಉಳಿದದ್ದು ಅನುಬಂಧಕ್ಕೆ.

ಸಿಕ್ಕ ಸಿಕ್ಕ ವೇರಿಯಬಲ್ ಎಲ್ಲ ಮಾದರಿಗೆ ಸುರಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆಯೂ ಇದೆ. ಅದರಲ್ಲಿ ಅಪಾಯ ಇದೆ. ಭೇಟಿ ಶುರುವಾಗುವ ಮುಂಚಿನದ್ದು ಸೇರಿಸಿ. ಭೇಟಿ ಆದ ಮೇಲಿನದ್ದನ್ನು ಕಣ್ಣುಮುಚ್ಚಿ ಸೇರಿಸಬೇಡಿ. ಆಶಾ ಮನೆಗೆ ಹೋದಾಗ ಮಾತ್ರೆ ಒಂದರ ಬಗ್ಗೆಯೇ ಮಾತಾಡಿರುತ್ತಾರಾ? ಸೊಪ್ಪು ತಿನ್ನು ಅಂದಿರುತ್ತಾರೆ. ಊಟದ ಜೊತೆ ಕಾಫಿ ಬೇಡ, ಒಂದು ಗಂಟೆ ಬಿಟ್ಟು ಕುಡಿ ಅಂದಿರುತ್ತಾರೆ. ಕಾಫಿ, ಟೀ ಎರಡೂ ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಗ್ಗಿಸುತ್ತವೆ, ಕಾಫಿ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕಾಫಿಯ ಹೊತ್ತು ಬದಲಾದರೆ ಮಾತ್ರೆಯ ಎಣಿಕೆ ಬದಲಾಗುವುದಿಲ್ಲ, ಎಚ್‌ಬಿ ಬದಲಾಗುತ್ತದೆ. ಅದು ಉಳಿದ ದಾರಿಗಳ ಲೆಕ್ಕಕ್ಕೆ ಹೋಗುತ್ತದೆ, ತೊಂದರೆ ಇಲ್ಲ. ಊಟ ಬದಲಾದರೆ ಕಥೆ ಬೇರೆ. ಹೊಟ್ಟೆ ತುಂಬಿದವಳಿಗೆ ಮಾತ್ರೆ ಕಡಿಮೆ ಸಂಕಟ ಮಾಡುತ್ತದೆ, ಹಾಗಾಗಿ ಮಾತ್ರೆಯೂ ಜಾಸ್ತಿ ಹೋಗುತ್ತದೆ, ಎಚ್‌ಬಿಯೂ ಏರುತ್ತದೆ. ಭೇಟಿಯೇ ಹುಟ್ಟಿಸಿದ ಕನ್ಫೌಂಡರ್ ಇದು. ಇದನ್ನು ಅಳೆದು ಮಾದರಿಗೆ ಸೇರಿಸಿದರೂ ಮಾತ್ರೆಯ ಪಾಲನ್ನು ಎಂದಿನ ರೀತಿಯಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಮೇಲೆ ಹೇಳಿದ ರೋ ಲೆಕ್ಕವೂ ಇದನ್ನು ಹಿಡಿಯುವುದಿಲ್ಲ. ಇಲ್ಲಿ ಎರಡು ದಾರಿ ಇವೆ. ಊಟ ಮತ್ತು ಮಾತ್ರೆ ಎರಡನ್ನೂ ಒಟ್ಟಿಗೆ ಒಂದೇ ಮೀಡಿಯೇಟರ್ ಗುಂಪು ಅಂತ ತಗೊಂಡು, ಇವೆರಡರ ಮೂಲಕ ಇಷ್ಟು ಅಂತ ಹೇಳುವುದು. ಇಲ್ಲವೇ ಇಂಟರ್ವೆನ್ಷನಲ್ ಎಫೆಕ್ಟ್ ಅನ್ನುವ ಬೇರೆ ಬಗೆಯ ಅಂಕಿಗೆ ಹೋಗುವುದು. ಅದು ಭೇಟಿ ಇಲ್ಲದ ಗುಂಪಿನ ಮಾತ್ರೆಯ ಮಟ್ಟವನ್ನು ಭೇಟಿ ಇದ್ದ ಗುಂಪಿನ ಮಟ್ಟಕ್ಕೆ ತಂದರೆ ಏನಾಗುತ್ತಿತ್ತು ಅಂತ ಕೇಳುತ್ತದೆ. ನೀತಿ ಮಾಡುವವರು ಕೇಳುವ ಪ್ರಶ್ನೆಗೆ ಇದೇ ಹತ್ತಿರ ಅಂತ ನನ್ನ ಅಭಿಪ್ರಾಯ. ಆದರೆ ಇದಕ್ಕೂ ಊಟ ಅಳೆದಿರಬೇಕು.

ನಡುವಿನ ಕೊಂಡಿಯನ್ನು ಸಮ ಮಾಡಿ ನೋಡಿದರೆ ಎಂಥ ಎಡವಟ್ಟು ಆಗಬಹುದು ಅನ್ನುವುದಕ್ಕೆ ನಿಮ್ಮ ವಿಷಯದಲ್ಲೇ ಒಂದು ಹಳೆಯ ಉದಾಹರಣೆ ಇದೆ. ಸೇದುವ ತಾಯಂದಿರ ಮಕ್ಕಳ ತೂಕ ಕಡಿಮೆ, ಸಾವು ಜಾಸ್ತಿ. ಆದರೆ 2,500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳನ್ನು ಮಾತ್ರ ಆರಿಸಿ ನೋಡಿದರೆ, ಸೇದುವ ತಾಯಂದಿರ ಮಕ್ಕಳೇ ಹೆಚ್ಚು ಬದುಕಿದ್ದು ಕಂಡಿತು. 1971ರಲ್ಲಿ ಯೆರುಶಾಲ್ಮಿ ಇದನ್ನು ಬರೆದಾಗ, ಸಿಗರೇಟು ಅಷ್ಟೇನೂ ಕೆಟ್ಟದ್ದಲ್ಲವೇನೋ ಅನ್ನುವ ಮಾತೂ ಹುಟ್ಟಿತು. ಆಮೇಲೆ ತಿಳಿದದ್ದು ಇಷ್ಟು: ಸೇದದ ತಾಯಿಯ ಮಗುವಿನ ತೂಕ ಅಷ್ಟು ಕಡಿಮೆ ಇದ್ದರೆ ಅದಕ್ಕೆ ಇನ್ನೇನೋ ಕಾರಣ ಇರುತ್ತದೆ. ಹುಟ್ಟಿನಿಂದ ಬಂದ ದೋಷದಂಥ ಗಂಭೀರವಾದದ್ದು. ಆ ಕಾರಣವನ್ನು ಅಳೆದಿರಲಿಲ್ಲ. ನಿಮ್ಮ 150 ಮಾತ್ರೆಯ ಇಬ್ಬರು ಹೆಂಗಸರ ಕಥೆಯೂ ಇದೇ.

ಹಾಗಾದರೆ ಈಗ ಏನು ಮಾಡಬೇಕು? ಲೆಕ್ಕಕ್ಕಿಂತ ಮೊದಲು ಕಾಗದ ಹುಡುಕಿ. ನೀವು ಅಳೆಯಲಿಲ್ಲ ಅಂದುಕೊಂಡದ್ದರಲ್ಲಿ ಅರ್ಧ ತಾಯಿ ಕಾರ್ಡಿನಲ್ಲಿ (ಗರ್ಭಿಣಿಯ ತಪಾಸಣೆಗಳನ್ನು ಬರೆದಿಡುವ ಕಾರ್ಡಿನಲ್ಲಿ) ಇರುತ್ತದೆ. ಮೊದಲ ತಪಾಸಣೆಯ ಎಚ್‌ಬಿ, ನೋಂದಣಿಯ ತಿಂಗಳು, ಎಷ್ಟನೇ ಹೆರಿಗೆ, ಮೊದಲ ತೂಕ. ಈ ನಾಲ್ಕು ಸಿಕ್ಕರೆ ಎರಡೂ ದಿಕ್ಕಿನಿಂದ ಎಳೆಯುವ ದೊಡ್ಡ ಕಾರಣಗಳಲ್ಲಿ ಬಹುಪಾಲು ಕೈಗೆ ಬರುತ್ತವೆ. ವಾಂತಿಯ ವಿಷಯ ಕಾರ್ಡಿನಲ್ಲಿ ಇರುವುದಿಲ್ಲ. ಆಶಾ ಕಾರ್ಯಕರ್ತೆಯರ ಡೈರಿಯಲ್ಲಿ ಇರಬಹುದು, ಅವರ ನೆನಪಿನಲ್ಲಂತೂ ಇರುತ್ತದೆ. ಆದರೆ ಫಲಿತಾಂಶ ಗೊತ್ತಾದ ಮೇಲಿನ ನೆನಪು ಓಲಾಡುತ್ತದೆ. ಹಾಗಾಗಿ ಅದನ್ನು ಮುಖ್ಯ ಮಾದರಿಗೆ ಹಾಕಬೇಡಿ, ಎಷ್ಟು ಬಲ ಇರಬಹುದು ಅಂತ ಅಂದಾಜು ಮಾಡಲು ಬಳಸಿ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ, ಖರ್ಚೂ ಇಲ್ಲ. ಐರನ್ ಮಾತ್ರೆಯಿಂದ ಬದಲಾಗಲು ಸಾಧ್ಯವೇ ಇಲ್ಲದ, ಆದರೆ ಮನೆಯ ಕಾಳಜಿಯಿಂದ ಬದಲಾಗುವ ಒಂದು ಫಲಿತಾಂಶ ತಗೊಳ್ಳಿ. ದೊಡ್ಡ ಮಗುವಿಗೆ ಲಸಿಕೆಗಳೆಲ್ಲ ಹೊತ್ತಿಗೆ ಸರಿಯಾಗಿ ಆಗಿದ್ದವಾ ಅಂತ ನೋಡಿ. ಅದು ಈ ಬಸುರಿಗಿಂತ ಮುಂಚೆ ಆದದ್ದು. ಈಗ ನುಂಗಿದ ಮಾತ್ರೆ ಅದನ್ನು ಬದಲಿಸಲಾರದು. ಆದರೂ ಒಂದೇ ಗುಂಪಿನೊಳಗೆ ಮಾತ್ರೆ ಜಾಸ್ತಿ ನುಂಗಿದವರ ದೊಡ್ಡ ಮಕ್ಕಳಿಗೆ ಲಸಿಕೆ ಚೆನ್ನಾಗಿ ಆಗಿದ್ದು ಕಂಡರೆ, ಮಾತ್ರೆಯ ಎಣಿಕೆಯೊಳಗೆ ಮನೆಯ ಕಾಳಜಿ ಸೇರಿಕೊಂಡಿದೆ ಅಂತ ಗೊತ್ತಾಗುತ್ತದೆ. ಕಾಣದಿದ್ದರೆ ನಿಮಗೆ ಸ್ವಲ್ಪ ಧೈರ್ಯ. ಮೊದಲ ಬಸುರಿಯರಿಗೆ ಇದು ನಡೆಯುವುದಿಲ್ಲ, ಮತ್ತು ವಾಂತಿಯಂಥ ಕಾರಣ ಇದರಲ್ಲಿ ಸಿಗುವುದಿಲ್ಲ.

ಮಾತ್ರೆಯ ಎಣಿಕೆಯ ಬಗ್ಗೆಯೂ ಒಂದು ಮಾತು. ಗರ್ಭಿಣಿಗೆ ದಿನಕ್ಕೊಂದರಂತೆ 180 ದಿನ ಅನ್ನುವುದು ಸರ್ಕಾರಿ ಲೆಕ್ಕ. ಖಾಲಿ ಸ್ಟ್ರಿಪ್ ಅಂದರೆ ನುಂಗಿದ ಮಾತ್ರೆ ಅಂತ ಅಲ್ಲ. ಕಾಫಿ ಗಿಡದ ಬುಡದಲ್ಲಿ ಬಿದ್ದ ಕೆಂಪು ಮಾತ್ರೆಗಳನ್ನು ನಾನೇ ನೋಡಿದ್ದೇನೆ. ಎಣಿಕೆಯ ತಪ್ಪು ಎರಡೂ ಗುಂಪಿನಲ್ಲಿ ಒಂದೇ ಥರ ಇದ್ದರೆ ಸಾಮಾನ್ಯವಾಗಿ ಮಾತ್ರೆಯ ಪಾಲು ಕಡಿಮೆ ಕಾಣುತ್ತದೆ, ಉಳಿದ ದಾರಿಗಳ ಪಾಲು ಉಬ್ಬುತ್ತದೆ. ಭೇಟಿ ಇದ್ದ ಕಡೆ ಹೆಂಗಸರು, ಆಶಾ ಬೇಸರ ಮಾಡಿಕೊಳ್ಳಬಾರದು ಅಂತ, ನುಂಗಿದ್ದಕ್ಕಿಂತ ಹೆಚ್ಚು ಮಾತ್ರೆ ಹೇಳಿದ್ದರೆ ಲೆಕ್ಕ ಬೇರೆ ಕಡೆ ಹೋಗುತ್ತದೆ. ರಿವ್ಯೂವರ್ ಇದನ್ನು ಕೇಳಿಲ್ಲ. ಆದರೂ ನೀವೇ ಬರೆಯಿರಿ.

ಭೇಟಿಯನ್ನೇ ಇನ್‌ಸ್ಟ್ರುಮೆಂಟ್ (ಚೀಟಿಯ ಬಲ ಇರುವ, ಮಾತ್ರೆಯನ್ನು ಬದಲಿಸುವ ಸಾಧನ) ಮಾಡಿಕೊಂಡು ಮಾತ್ರೆಯ ಗುಣ ಲೆಕ್ಕ ಹಾಕಿ ಅಂತ ಯಾರಾದರೂ ಹೇಳಬಹುದು. ಹಾಗೆ ಮಾಡಬೇಕಾದರೆ ಭೇಟಿಯ ಲಾಭ ಪೂರ್ತಿ ಮಾತ್ರೆಯ ಮೂಲಕವೇ ಬಂತು ಅಂತ ಮೊದಲೇ ಒಪ್ಪಿಕೊಳ್ಳಬೇಕು. ನೀವು ಹುಡುಕುತ್ತಿರುವುದೇ ಅದು. ಆ ದಾರಿ ಬೇಡ.

ಇಷ್ಟೆಲ್ಲ ಮಾಡಿದ ಮೇಲೆ ಅಂಕಿ ಅಲ್ಲಾಡಿದರೆ, ಪಾಲು ಹೇಳುವುದನ್ನೇ ಕೈಬಿಡಬಹುದು. ಭೇಟಿಯಿಂದ ಎಚ್‌ಬಿ ಇಷ್ಟು ಏರಿತು, ಮಾತ್ರೆ ಇಷ್ಟು ಏರಿತು, ಮಾತ್ರೆ ಒಂದು ದಾರಿ ಇರಬಹುದು ಅಂತ ಬರೆದರೂ ಅದು ಒಳ್ಳೆಯ ಲೇಖನವೇ. ಆ ಎಸ್ಟೇಟುಗಳಲ್ಲಿ ಮನೆ ಭೇಟಿ ಮುಂದುವರಿಸಬೇಕಾ ಅನ್ನುವ ಪ್ರಶ್ನೆಗೆ ಒಟ್ಟು ಪರಿಣಾಮ ಸಾಕು. ಆದರೆ ಯಾರಾದರೂ ನಿಮ್ಮ ಮೂರರಲ್ಲಿ ಎರಡು ಪಾಲನ್ನು ಹಿಡಿದು, ಭೇಟಿ ಯಾಕೆ, ಮಾತ್ರೆ ಹಂಚಿದರೆ ಸಾಕಲ್ಲ ಅಂದರೆ? ಆಗ ಆ ಅಂಕಿಯ ತಪ್ಪಿಗೆ ಬೆಲೆ ಕೊಡುವವರು ಲೈನ್ ಮನೆಯ ಹೆಂಗಸರು. ನನಗೆ ಈ ವಿಷಯದಲ್ಲಿ ಇಷ್ಟು ಹಠ ಇರುವುದು ಅದಕ್ಕೇ.

ರಿವ್ಯೂವರ್‌ಗೆ ಬರೆಯುವಾಗ ಮುಚ್ಚುಮರೆ ಬೇಡ. ಭೇಟಿಯನ್ನು ಚೀಟಿ ಎತ್ತಿ ಹಂಚಿದ್ದೆವು, ಮಾತ್ರೆಯನ್ನಲ್ಲ ಅಂತ ಶುರು ಮಾಡಿ. ಮೊದಲ ಎಚ್‌ಬಿ ಮತ್ತು ನೋಂದಣಿಯ ತಿಂಗಳು ಸೇರಿಸಿದ ಮೇಲೆ ಅಂಕಿ ಎಷ್ಟಾಯಿತು ಹೇಳಿ. ಊಟ, ವಾಂತಿ ಅಳೆದಿಲ್ಲ ಅಂತ ಹೆಸರಿಟ್ಟು ಬರೆಯಿರಿ. ಕೋಷ್ಟಕ ಕೊಡಿ. ಅಂಕಿ ಸೊನ್ನೆಯಾಗಲು ಎಷ್ಟು ಬಲ ಬೇಕು, ಅಷ್ಟು ಬಲ ಇರಬಹುದು ಅಥವಾ ಇರಲಾರದು ಅಂತ ನಿಮಗೆ ಯಾಕೆ ಅನಿಸುತ್ತದೆ ಅಂತ ಎರಡು ಸಾಲು ಸೇರಿಸಿ. 2021ರಲ್ಲಿ ಬಂದ ಅಗ್ರೀಮಾ ಮಾರ್ಗಸೂಚಿಯೂ ಮೀಡಿಯೇಶನ್ ಲೇಖನಗಳಲ್ಲಿ ಇಂಥದ್ದನ್ನೇ ಕೇಳುತ್ತದೆ.

ಒಂದು ಅವಸರದ ವಿಷಯ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ಹೊರಗಿನಿಂದ ಬಂದ ಎಷ್ಟೋ ಕುಟುಂಬಗಳು ಲೈನ್ ಬಿಟ್ಟು ಊರಿಗೆ ಹೋಗುತ್ತವೆ. ತಾಯಿ ಕಾರ್ಡೂ ಅವರ ಜೊತೆಗೇ ಹೋಗುತ್ತದೆ. ಎಥಿಕ್ಸ್ ಕಮಿಟಿಗೆ ಒಂದು ತಿದ್ದುಪಡಿ ಪತ್ರ ಈ ವಾರವೇ ಕೊಡಿ. ಒಪ್ಪಿಗೆ ಬಂದ ಕೂಡಲೇ ಭೇಟಿ ಇಲ್ಲದ ಎಸ್ಟೇಟುಗಳಿಂದ ಶುರು ಮಾಡಿ. ಅಲ್ಲಿ ನಿಮ್ಮ ಪರಿಚಯ ಕಡಿಮೆ, ಕಾರ್ಡು ಹುಡುಕಲು ಹೊತ್ತು ಜಾಸ್ತಿ ಬೇಕಾಗುತ್ತದೆ.